ಗಿಡದ ಹೆಸರು ಬೇಕೇ? ಹೂವನ್ನು ಉದ್ದಕ್ಕೆ ಸೀಳಿ

ಪೊದೆಗಿಡದ ಹೂವಿಗೆ ಮೇಲಿನಿಂದ ಮೊಬೈಲ್ ಹಿಡಿದು ಚಿತ್ರ ತೆಗೆದು "ಇದು ಯಾವ ಗಿಡ?" ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಮೇಲಿನಿಂದ ಕಾಣುವುದು ಬಣ್ಣ ಮಾತ್ರ. ಲಂಟಾನದ ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಮೂರೂ ಇರಬಹುದು, ಯಾವುದನ್ನು ನಂಬುತ್ತೀರಿ?

ಮೊದಲು ಹೂವು, ಕಾಯಿ ಎರಡೂ ಇರುವ ರೆಂಬೆಯನ್ನು ಎಲೆಸಮೇತ ಕತ್ತರಿಸಿಕೊಳ್ಳಿ. ನೆಲಕ್ಕೆ ಉದುರಿದ್ದು ಬೇಡ, ಪಕ್ಕದ ಗಿಡದ್ದಿರಬಹುದು. ನಂತರ ಎಸಳು ಎಣಿಸಿ. ಒತ್ತಾಗಿ ಎಸಳು ತುಂಬಿದ ದಾಸವಾಳದಂಥ ತಳಿಯಾದರೆ ಎಣಿಕೆ ಬಿಟ್ಟುಬಿಡಿ, ಅಲ್ಲಿ ಕೇಸರಗಳೇ ಎಸಳಾಗಿರುತ್ತವೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಹೊಸ ಬ್ಲೇಡಿನಿಂದ ಹೂವನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ. ಅಡ್ಡ ಕೊಯ್ದರೆ ಆ ಹೂವು ವ್ಯರ್ಥ. ಮುಂದೆ ಕಾಯಿಯಾಗುವ ಪುಟ್ಟ ಉಬ್ಬೇ ಅಂಡಾಶಯ. ಅದು ಎಸಳು ಹೊರಟ ಜಾಗಕ್ಕಿಂತ ಮೇಲಿದೆಯೋ, ಕೆಳಗಿದೆಯೋ ನೋಡಿ. ಸೀಳುವಾಗ ಜಜ್ಜಿಹೋಯಿತೇ? ಕಾಯಿಯನ್ನು ಕೇಳಿ. ಬದನೆಯಲ್ಲಿ ಪುಷ್ಪಪಾತ್ರೆ, ಅಂದರೆ ಎಸಳುಗಳ ಹೊರಗಿನ ಹೊದಿಕೆ, ತೊಟ್ಟಿನ ಕಡೆ ಟೊಪ್ಪಿಯಂತೆ ಕೂತಿರುತ್ತದೆ, ಅಂದರೆ ಅಂಡಾಶಯ ಮೇಲಿತ್ತು. ಸೀಬೆಯಲ್ಲಿ ಅದೇ ಪಾತ್ರೆ ತುದಿಯ ಕಿರೀಟವಾಗಿ ಉಳಿದಿರುತ್ತದೆ, ಅಂಡಾಶಯ ಕೆಳಗಿತ್ತು. ಲಂಟಾನ, ಕೇಪಳ ಎರಡಕ್ಕೂ ಗೊಂಚಲು, ಎರಡಕ್ಕೂ ಕೊಳವೆ ಹೂವು, ಎರಡಕ್ಕೂ ಮಣಿಯಂಥ ಹಣ್ಣು. ಆದರೆ ಕೇಪಳದ ಹಣ್ಣಿನ ತುದಿಯಲ್ಲಿ ನಾಲ್ಕು ಹಲ್ಲಿನ ಪುಟ್ಟ ಕಿರೀಟವಿದೆ. ಲಂಟಾನದ ಹಣ್ಣಿನ ತುದಿ ಬೋಳು.

ಈ ಹಲ್ಲುಗಳನ್ನು ಕಾಣಲು 10 ಪಟ್ಟು ಹಿಗ್ಗಿಸುವ ಮಡಚುವ ಭೂತಗನ್ನಡಿ ಸಾಕು. ಅಂಗೈಯಗಲದ ಪ್ಲಾಸ್ಟಿಕ್ ಮಸೂರಕ್ಕೆ ದುಡ್ಡು ಸುರಿಯಬೇಡಿ. ಹಿಗ್ಗಿಸುವುದು ಅಷ್ಟಕ್ಕಷ್ಟೆ, ಅಂಚಿನಲ್ಲಿ ಎಲ್ಲವೂ ಸೊಟ್ಟ.

ಅಡ್ಡ ಕೊಯ್ಯುವ ಸರದಿ ಕಾಯಿಯದು. ಲಂಟಾನದಲ್ಲಿ ಒಂದೇ ಗಟ್ಟಿ ಓಟೆ, ಕೇಪಳದಲ್ಲಿ ಸಾಮಾನ್ಯವಾಗಿ ಬೆನ್ನುಬ್ಬಿದ ಎರಡು ಬೀಜ. ರುಚಿ ನೋಡಿ ಹೇಳುತ್ತೇನೆ ಎಂಬ ಧೈರ್ಯವಂತರು ದಯವಿಟ್ಟು ದೂರವಿರಿ, ಕಣಗಿಲೆಯ ಪ್ರತಿ ಭಾಗವೂ ವಿಷ. ಎಕ್ಕದ ಹಾಲು ತಾಗಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ.

ಇಷ್ಟಾದ ಮೇಲೆ ಬೇಕಿದ್ದರೆ ಆ್ಯಪ್ ತೆರೆಯಿರಿ. ಅದು ಕೊಟ್ಟ ಹೆಸರಿನ ವರ್ಣನೆಯಲ್ಲಿ ಕಾಯಿಯ ಭಾಗವನ್ನು ಮೊದಲು ಓದಿ. ಗಿಡ ಇನ್ನೂ ಕಾಯಿ ಕಟ್ಟಿಲ್ಲವಾದರೆ ಹೂವಿರುವ ರೆಂಬೆಗೊಂದು ದಾರ ಕಟ್ಟಿ, ಕೆಲವು ವಾರ ಬಿಟ್ಟು ಬನ್ನಿ.