ಏಳನೇ ತರಗತಿಯ ಕನ್ನಡ: ಮಕ್ಕಳನ್ನು ಕೇಳುವ ಮೊದಲು ನಾವು ಕೊಡಬೇಕಾದದ್ದು

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಶಾಲೆ ಶುರುವಾದ ವಾರ ಅನೇಕ ತರಗತಿಗಳ ಗೋಡೆಗೆ ಒಂದು ಪಟ್ಟಿ ಏರುತ್ತದೆ: ಶುದ್ಧವಾಗಿ ಬರೆಯಬೇಕು, ಸ್ಪಷ್ಟವಾಗಿ ಓದಬೇಕು, ಸ್ವಂತ ವಾಕ್ಯದಲ್ಲಿ ಉತ್ತರಿಸಬೇಕು, ಮನೆಗೆಲಸ ತಪ್ಪಿಸಬಾರದು. ಎಲ್ಲವೂ ಸರಿಯೇ. ಆದರೆ 'ಶುದ್ಧವಾಗಿ ಬರೆಯಬೇಕು' ಎಂಬುದನ್ನು ಓದಿದ ಹುಡುಗ ಆಮೇಲೆ ಏನು ಮಾಡಬೇಕು? ತಪ್ಪು ಎಲ್ಲಿದೆಯೆಂದು ಗೊತ್ತಿದ್ದರೆ ಅವನೇ ತಿದ್ದಿಕೊಳ್ಳುತ್ತಿದ್ದ. ಹಾಗಾಗಿ ನಾನು ಪಟ್ಟಿ ಹಾಕುವುದಿಲ್ಲ. ಮಕ್ಕಳಿಂದ ಏನನ್ನಾದರೂ ಕೇಳುವ ಮೊದಲು ಅದಕ್ಕೆ ಬೇಕಾದ ಸಾಮಾನು ಕೋಣೆಯಲ್ಲಿದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಅದು ಬರುವವರೆಗೆ ಕೇಳುವುದಿಲ್ಲ.

ಕಾಗುಣಿತದ ವಿಷಯವನ್ನೇ ನೋಡಿ. ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಮಕ್ಕಳ ಬರಹದಲ್ಲಿ ಮರದಿಂದ 'ಅಕ್ಕಿ' ಹಾರುತ್ತದೆ, ಹಸು 'ಆಲು' ಕೊಡುತ್ತದೆ. ಗದರಿದರೆ ಮರುದಿನವೇ 'ಹಜ್ಜಿ' ಮನೆಗೆ ಬರುತ್ತಾಳೆ. ಹೆದರಿದ ಮಕ್ಕಳು ಕಂಡ ಸ್ವರಕ್ಕೆಲ್ಲ ಹ ಹಚ್ಚುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಚಿಕ್ಕ ನಿಘಂಟು 'ಕನ್ನಡ ರತ್ನಕೋಶ'ವನ್ನು ಹಳೆಯ ವಿದ್ಯಾರ್ಥಿಗಳ ನೆರವಿನಿಂದ ತರಿಸಿ, ಗುಂಪಿಗೊಂದರಂತೆ ಇಟ್ಟೆ. ಬೀರುವಿನಲ್ಲಿ ಬೀಗ ಹಾಕಿ ಇಟ್ಟ ನಿಘಂಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಿಘಂಟು ಕೊಟ್ಟರೆ ಸಾಲದು, ನೋಡುವುದನ್ನೂ ಕಲಿಸಬೇಕು. ಇಂಗ್ಲಿಷಿಗಿಂತ ನಮ್ಮಲ್ಲಿ ಇದು ಕಷ್ಟದ ಕೆಲಸ. 'ಬೆಟ್ಟದಿಂದ' ಎಂದು ಹುಡುಕಿದರೆ ಸಿಗುವುದಿಲ್ಲ, ಪ್ರತ್ಯಯ ಕಳಚಿ 'ಬೆಟ್ಟ'ಕ್ಕೆ ಬರಬೇಕು. 'ತಂದಳು' ಬೇಕಿದ್ದರೆ 'ತರು' ಇರುವಲ್ಲಿಗೆ ಹೋಗಬೇಕು. 'ಕತೆ' ಮೊದಲು, 'ಕತ್ತೆ' ಆಮೇಲೆ. ಕಾಗುಣಿತದ ಸಾಲು ಮುಗಿದ ಮೇಲೆ ಒತ್ತಕ್ಷರದ ಸರದಿ. ಪರೀಕ್ಷೆಗೆಂದು ಉರು ಹೊಡೆದಿದ್ದ ನಾಮಪ್ರಕೃತಿ, ಧಾತು, ವಿಭಕ್ತಿ ಎಲ್ಲವೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಜೂನ್ ತಿಂಗಳ ವ್ಯಾಕರಣ ಪಾಠವನ್ನು ನಾನು ಬಹುಪಾಲು ನಿಘಂಟು ಹಿಡಿದೇ ಮುಗಿಸುತ್ತೇನೆ. ಒಂದು ಪದ ಹೇಳಿದರೆ ಯಾವ ಗುಂಪು ಮೊದಲು ಪುಟ ತೆರೆಯುತ್ತದೆ ಎಂಬ ಪಂದ್ಯಕ್ಕೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಆ ಮೇಲೆ ಮಾತ್ರ ಮಕ್ಕಳನ್ನು ಕೇಳುವುದು. ನೋಟ್ ಪುಸ್ತಕದ ಎಡಪುಟ ಕರಡು ಬರೆಯುವುದಕ್ಕೆ, ಬಲಪುಟ ತಿದ್ದಿ ಬರೆಯುವುದಕ್ಕೆ. ಎಡಪುಟದಲ್ಲಿ ಎಷ್ಟು ಗೀಚಿದರೂ ನಾನು ಮಾತಾಡುವುದಿಲ್ಲ. ತಪ್ಪಿರುವ ಸಾಲಿನ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತೇನೆ. ಯಾವ ಪದ ಎಂದು ಹುಡುಕುವ ಕೆಲಸ ಮಗುವಿನದು. ಎಲ್ಲ ತಪ್ಪಿಗೂ ಗೆರೆ ಹಾಕುವುದಿಲ್ಲ. ಒಂದು ವಾರ ಅಕಾರ-ಹಕಾರ, ಇನ್ನೊಂದು ವಾರ ಒತ್ತಕ್ಷರ, ಮಹಾಪ್ರಾಣ ಅದಕ್ಕಿಂತ ನಿಧಾನ. ತಪ್ಪಿದ ಪದವನ್ನು ನೂರು ಸಲ ಬರೆಸುವ ಇಂಪೊಸಿಷನ್ ನನ್ನ ತರಗತಿಯಲ್ಲಿಲ್ಲ. ಇಪ್ಪತ್ತನೇ ಸಲಕ್ಕೆ ಕೈ ಮಾತ್ರ ಬರೆಯುತ್ತಿರುತ್ತದೆ, ಕಣ್ಣು ಕಿಟಕಿಯ ಹೊರಗಿರುತ್ತದೆ. ಹೊಡೆಯುವುದೂ ಮನಸ್ಸು ನೋಯಿಸುವುದೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಕಾನೂನು ಇರದಿದ್ದರೂ ಬೆತ್ತದಿಂದ ಹಕಾರ ಬಂದದ್ದನ್ನು ನಾನಂತೂ ಕಂಡಿಲ್ಲ.

ಓದಿನಲ್ಲಿ ತೊಡಕು ಬೇರೆ. ಏಳನೇ ತರಗತಿಯಲ್ಲಿ ಕೂತವರೆಲ್ಲ ಏಳನೇ ತರಗತಿಯ ಪಾಠ ಓದಬಲ್ಲರು ಎಂದುಕೊಳ್ಳುವ ಹಾಗಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಸಿಗುತ್ತವೆ, ಮುದ್ರಿಸಿ ಹಂಚುವುದಕ್ಕೂ ಅಡ್ಡಿಯಿಲ್ಲ. ಮುದ್ರಿಸಿ, ದಾರಕ್ಕೆ ಕ್ಲಿಪ್ ಹಾಕಿ ಗೋಡೆಯುದ್ದಕ್ಕೂ ತೂಗುಹಾಕಿದ್ದೇನೆ. ಒಂದು ಕಿವಿಮಾತು: ಹಂತದ ಸಂಖ್ಯೆಯ ಮೇಲೆ ಬಣ್ಣದ ಕಾಗದ ಅಂಟಿಸಿ. 'ಹಂತ 2' ಎಂದು ಕಂಡರೆ ಹದಿಮೂರು ವರ್ಷದ ಹುಡುಗ ಅದನ್ನು ಮುಟ್ಟುವುದಿಲ್ಲ. ಕಾಗದ ಅಂಟಿಸಿದರೆ ಅದೂ ಒಂದು ಪುಸ್ತಕ, ಅಷ್ಟೇ. ಇದರ ಜೊತೆಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಹಳೆಯ ದಿನಪತ್ರಿಕೆಗಳನ್ನು ಕೇಳಿ ತರುತ್ತೇನೆ. ಶೀರ್ಷಿಕೆ ಕತ್ತರಿಸಿ ಸುದ್ದಿಯನ್ನು ಮಾತ್ರ ಕೊಟ್ಟು, ಶೀರ್ಷಿಕೆ ನೀವೇ ಬರೆಯಿರಿ ಎನ್ನುವುದು ನನ್ನ ಮೆಚ್ಚಿನ ಅಭ್ಯಾಸ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ದೀಕ್ಷಾ ಆ್ಯಪ್‌ಗೆ ಒಯ್ಯುತ್ತದೆಯಾದರೂ ಮೊಬೈಲ್ ಇರುವುದು ನನ್ನ ಕೈಯಲ್ಲಿ ಮಾತ್ರ. ಅದನ್ನು ಮನೆಗೆಲಸವಾಗಿ ಕೊಡುವುದಿಲ್ಲ.

ಸ್ವಂತ ವಾಕ್ಯದ ದೊಡ್ಡ ಶತ್ರು ಗೈಡ್. ಪಾಠ ಶುರುವಾಗುವ ಮುನ್ನವೇ ಪ್ರಶ್ನೋತ್ತರ ನೋಟಿಗೆ ಇಳಿದಿರುತ್ತದೆ, ಅದೂ ಮುತ್ತಿನಂಥ ಅಕ್ಷರದಲ್ಲಿ. ಗೈಡ್ ನಿಷೇಧಿಸಿದರೆ ಮನೆಯಲ್ಲಿ ನೋಡುತ್ತಾರೆ. ಪ್ರಶ್ನೆಯನ್ನೇ ಬದಲಾಯಿಸುವುದು ಸುಲಭ: ಈ ಕಥೆಯಲ್ಲಿ ಯಾರ ಪಕ್ಕ ನೀನು ಊಟಕ್ಕೆ ಕೂರುವುದಿಲ್ಲ, ಏಕೆ? ಇದಕ್ಕೆ ಗೈಡಿನಲ್ಲಿ ಉತ್ತರ ಇಲ್ಲ. ಮೊದಮೊದಲು ಎರಡೇ ಸಾಲು ಬರುತ್ತದೆ. ಆ ಎರಡು ಸಾಲು ಮಗುವಿನದೇ.

ಮನೆಗೆಲಸದಲ್ಲಿ ನನ್ನ ನಿರೀಕ್ಷೆ ಒಂದೇ: ಮನೆಯ ಹಿರಿಯರಿಂದ ವಾರಕ್ಕೊಂದು ಕಥೆ, ಗಾದೆ ಇಲ್ಲವೇ ಹಾಡು ಕೇಳಿ ಬರೆದು ತರಬೇಕು. ಅಕ್ಷರ ಬಾರದ ಅಮ್ಮನೂ ನೆರವಾಗಬಲ್ಲ ಮನೆಗೆಲಸ ಇದು. ಮನೆಯಲ್ಲಿ ತೆಲುಗು, ಉರ್ದು ಆಡುವ ಮಕ್ಕಳು ಆ ಭಾಷೆಯಲ್ಲೇ ಕೇಳಿ ಕನ್ನಡದಲ್ಲಿ ಬರೆಯುತ್ತಾರೆ. ತರಗತಿಯಲ್ಲಿ ನಿರೂಪಣೆಯನ್ನು ಬರಹದ ಕನ್ನಡಕ್ಕೆ ತರುತ್ತೇವೆ. ಉದ್ಧರಣ ಚಿಹ್ನೆಯೊಳಗಿನ ಅಜ್ಜಿಯ ಮಾತನ್ನು ಮುಟ್ಟುವುದಿಲ್ಲ. ಅಲ್ಲಿ 'ಅಕ್ಕಿ' ಹಾರಬಹುದು. ಯಾವ ಕನ್ನಡ ಎಲ್ಲಿ ಎಂಬುದು ಮಕ್ಕಳಿಗೆ ಇದರಿಂದ ತಿಳಿದಷ್ಟು ಚೆನ್ನಾಗಿ ನನ್ನ ವಿವರಣೆಯಿಂದ ತಿಳಿಯುವುದಿಲ್ಲ. ಮನೆಯಲ್ಲಿ ಹೇಳುವವರಿಲ್ಲದ ಮಕ್ಕಳು ಬಿಸಿಯೂಟ ಮುಗಿದ ಮೇಲೆ ಅಡುಗೆಯವರ ಬಳಿ ಕೂರುತ್ತಾರೆ. ನಮ್ಮ ಶಾಲೆಯ ಅತ್ಯುತ್ತಮ ಗಾದೆಗಳು ಬಂದಿರುವುದು ಅಲ್ಲಿಂದಲೇ.

ಪೋಷಕರ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ, "ಇದಕ್ಕೆಲ್ಲ ಮಾರ್ಕ್ಸ್ ಇದೆಯಾ ಮೇಷ್ಟ್ರೇ?" ನ್ಯಾಯವಾದ ಪ್ರಶ್ನೆ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ, ಅಂದರೆ ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನಗಳಲ್ಲಿ, ಚಟುವಟಿಕೆಗೆ ಅಂಕವಿದೆ. ನಿಘಂಟಿನ ಕೆಲಸವನ್ನು ಮೊದಲನೆಯದಕ್ಕೆ, ಮನೆಯಿಂದ ತಂದ ಕಥೆಯನ್ನು ಎರಡನೆಯದಕ್ಕೆ ಲೆಕ್ಕ ಹಿಡಿಯುತ್ತೇನೆ. ಎಡಪುಟ-ಬಲಪುಟಗಳನ್ನು ಅಲ್ಲೇ ತೆರೆದು ತೋರಿಸುತ್ತೇನೆ.