ಕೋಲಾರದ ಶಿಸ್ಟ್ ಪಟ್ಟಿಯನ್ನು ಅಡ್ಡ ದಾಟುವಾಗ

ಕೋಲಾರದ ಶಿಸ್ಟ್ ಪಟ್ಟಿ (ಶಾಖ, ಒತ್ತಡದಲ್ಲಿ ಬದಲಾದ ಹಳೆಯ ಕಲ್ಲುಗಳ ಉದ್ದನೆಯ ಸಾಲು) ದಕ್ಷಿಣೋತ್ತರವಾಗಿ ಸುಮಾರು 80 ಕಿ.ಮೀ. ಉದ್ದವಿದೆ, ಅಗಲ ಬಹುಪಾಲು ಕಡೆ ಮೂರ್ನಾಲ್ಕು ಕಿ.ಮೀ. ಅಷ್ಟೇ. ಅದಕ್ಕೇ ನಾನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡ ನಡೆಯುತ್ತೇನೆ. ಉದ್ದಕ್ಕೆ ನಡೆದರೆ ದಿನವಿಡೀ ಒಂದೇ ಕಲ್ಲು. ಅಡ್ಡ ನಡೆದರೆ ಪಶ್ಚಿಮದ ನೈಸ್ (ತಿಳಿ-ಕಪ್ಪು ಪಟ್ಟೆಗಳ ಗಟ್ಟಿ ಕಲ್ಲು), ನಡುವಿನ ಆಂಫಿಬೋಲೈಟ್, ಪೂರ್ವದ ಚಾಂಪಿಯನ್ ನೈಸ್ ಸಾಲಾಗಿ ಸಿಗುತ್ತವೆ.

ಮೊದಲು ಎಡವುವುದು ಕರಿಕಲ್ಲಿನಲ್ಲಿ. ಆಂಫಿಬೋಲೈಟೂ ಕಪ್ಪು, ಡಾಲರೈಟ್ ಡೈಕೂ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆ) ಕಪ್ಪು. ಹೊಸದಾಗಿ ಒಡೆದ ಮುಖವನ್ನು ಒದ್ದೆ ಮಾಡಿ 10 ಪಟ್ಟಿನ ಲೆನ್ಸ್ ಹಿಡಿಯಿರಿ. ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜದ ಸೂಜಿಗಳು ಒಂದೇ ದಿಕ್ಕಿಗೆ ಮಲಗಿ, ನಡುವೆ ಬಿಳಿ ಪ್ಲೇಜಿಯೊಕ್ಲೇಸ್ ಕಾಳು ಕಂಡರೆ ಅದು ಆಂಫಿಬೋಲೈಟ್: ಸಮುದ್ರದಡಿ ಹರಿದ ಲಾವಾ ಆಮೇಲೆ ಬೆಂದು, ಹಿಂಡಿಸಿಕೊಂಡದ್ದು. ಡಾಲರೈಟಿನಲ್ಲಿ ಈ ಸಾಲು ಇರದು. ಅದು ಸುತ್ತಲ ಕಲ್ಲಿನ ಪದರವನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ವಯಸ್ಸಿನಲ್ಲೂ ಕಿರಿಯದು.

ಕಬ್ಬಿಣದ ಪಟ್ಟೆಗಲ್ಲು ಬಂದರೆ ದಿಕ್ಸೂಚಿಯನ್ನು ನಂಬಬೇಡಿ. ಅದರಲ್ಲಿನ ಕಾಂತೀಯ ಖನಿಜ ಮ್ಯಾಗ್ನಟೈಟ್ ಮುಳ್ಳನ್ನು ಎಳೆಯುತ್ತದೆ. ನಾನು ಎರಡು ಗುರುತುಗಳ ನಡುವೆ ಹೋಗುವ ದಿಕ್ಕು, ಹಿಂದಿರುಗಿ ನೋಡುವ ದಿಕ್ಕು ಎರಡನ್ನೂ ಓದುತ್ತೇನೆ. ವ್ಯತ್ಯಾಸ 180 ಡಿಗ್ರಿ ಬರದಿದ್ದರೆ ಆ ಜಾಗದ ಸ್ಟ್ರೈಕ್ (ಕಲ್ಲಿನ ಪದರ ಮಟ್ಟವಾಗಿ ಸಾಗುವ ದಿಕ್ಕು) ಬರೆದುಕೊಳ್ಳುವುದಿಲ್ಲ. ಸ್ಯಾಂಪಲ್ ಕಿತ್ತ ಮೇಲೆ ಗುರುತು ಹಾಕುವುದು ದೊಡ್ಡ ತಪ್ಪು. ಬಂಡೆಯಲ್ಲೇ ಸ್ಟ್ರೈಕ್ ಗೆರೆ, ಡಿಪ್ ಬಾಣ (ಪದರ ಇಳಿಯುವ ಕಡೆ), ಮೇಲ್ಮುಖ ಬರೆದು ಆಮೇಲೆ ಸುತ್ತಿಗೆ. ಇಲ್ಲವಾದರೆ ಸೂಕ್ಷ್ಮದರ್ಶಕಕ್ಕೆಂದು ತೇಯ್ದ 0.03 ಮಿ.ಮೀ. ತೆಳುಚೂರಿನಲ್ಲಿ ಯಾವ ಕಡೆ ಯಾವುದು ಜಾರಿತೆಂದು ಹೇಳಲಾಗದು. ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಚೀಲದಲ್ಲೇ ಇರಲಿ, ಫೋಟೊ ಸಾಕು.

ಈ ಪಟ್ಟಿಯಲ್ಲಿ ಕೂಡಿದವೆನ್ನಲಾದ ಎರಡು ಭೂಖಂಡದ ತುಂಡುಗಳ ಬೆಸುಗೆ ಒಂದು ಬಿರುಕಿನಂತೆ ಕಾಣುತ್ತದೆಂದು ಹುಡುಕಿಕೊಂಡು ಬರುವವರಿದ್ದಾರೆ. ಅದು ಕಣ್ಣಿಗೆ ಬೀಳುವುದಿಲ್ಲ, ಎರಡು ಬದಿಯ ನೈಸ್‌ಗಳನ್ನು ಹೋಲಿಸಿದಾಗ ಗೊತ್ತಾಗುತ್ತದೆ. ಭೂವಿಜ್ಞಾನಿಗಳಾದ ಕ್ರಾಗ್‌ಸ್ಟಾಡ್, ರಾಜಾಮಣಿ ಮೊದಲಾದವರು 1989ರಲ್ಲಿ ಇಲ್ಲಿ ಫಲಕಗಳು ಕೂಡಿದವೆಂದು ವಾದಿಸಿದ್ದು ಹೀಗೆಯೇ: ಪಶ್ಚಿಮದ ನೈಸ್‌ಗಳು ಸುಮಾರು 263ರಿಂದ 255 ಕೋಟಿ ವರ್ಷದವು, ಅವುಗಳಲ್ಲಿ ಇನ್ನೂ ಹಳೆಯ ತೊಗಟೆಯ ಕುರುಹಿದೆ, ಪೂರ್ವದವು ಸುಮಾರು 253 ಕೋಟಿ ವರ್ಷದವು. ಈ ವಾದವನ್ನು ಒಪ್ಪದವರೂ ಇದ್ದಾರೆ. ನನಗೆ ಮಾತ್ರ ಅದೇ ಸರಿ ಕಾಣುತ್ತದೆ.

ಆದ್ದರಿಂದ ಜಿರ್ಕಾನ್ ಎಂಬ ಖನಿಜದ ಹರಳುಗಳಿಂದ ವಯಸ್ಸು ಅಳೆಯಲು ನೈಸ್ ತೆಗೆಯುವಾಗ ಅದನ್ನು ಸೀಳಿಕೊಂಡ ಪೆಗ್ಮಟೈಟ್ (ದಪ್ಪ ಹರಳಿನ ಕಲ್ಲು) ಎಳೆಗಳನ್ನು ಉಳಿಯಿಂದ ಬಿಡಿಸಿ ಎಸೆಯುತ್ತೇನೆ. ಒಂದೇ ಎಳೆ ಸೇರಿದರೂ ತಡವಾಗಿ ನುಗ್ಗಿದ ಶಿಲಾರಸದ ವಯಸ್ಸು ಬೆರೆತು ಬರುತ್ತದೆ.