ಒಂದು ಹಲ್ಲಿನ ವ್ಯತ್ಯಾಸ: ಸಣ್ಣ ಕ್ರೂಸರ್ ಬೈಕಿನ ಸ್ಪ್ರಾಕೆಟ್ ಬದಲಿಸುವುದು ಹೇಗೆ?

ತುಮಕೂರು ಹೆದ್ದಾರಿಯಲ್ಲಿ ಬಜಾಜ್ ಅವೆಂಜರ್‌ನಂಥ ಸಣ್ಣ ಕ್ರೂಸರ್ ಬೈಕ್ ಓಡಿಸುವವರಿಗೆ ಈ ಅನುಭವ ಹೊಸದಲ್ಲ. ಗಾಡಿ ಐದನೇ ಗೇರಿನಲ್ಲಿ 80–90ರ ವೇಗದಲ್ಲಿ ಹೋಗುತ್ತಿರುತ್ತದೆ, ಎಂಜಿನ್ ಮಾತ್ರ ಇನ್ನೊಂದು ಗೇರ್ ಬೇಕು ಎನ್ನುತ್ತಿರುತ್ತದೆ. ಎಡಗಾಲು ತಾನಾಗಿಯೇ ಲಿವರ್ ತಡಕುತ್ತದೆ, ಆರನೇ ಗೇರ್ ಇರುವುದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಂಗೈ ಜುಮ್ಮೆನ್ನತೊಡಗುತ್ತದೆ.

ಇದಕ್ಕೆ ಅಗ್ಗದ ಪರಿಹಾರ ಇರುವುದು ಗೇರ್‌ಬಾಕ್ಸಿನ ಹೊರಗೆ, ಚೈನ್ ಸುತ್ತುವ ಎರಡು ಹಲ್ಲುಚಕ್ರಗಳಲ್ಲಿ, ಅಂದರೆ ಸ್ಪ್ರಾಕೆಟ್‌ಗಳಲ್ಲಿ: ಮುಂದಿನದು ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ, ಹಿಂದಿನದು ಹಿಂದಿನ ಚಕ್ರದ ಮೇಲೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಹಲ್ಲು ಬದಲಿಸಿದರೆ ಎಂಜಿನ್ನಿನ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಇರುವ ಶಕ್ತಿ ಯಾವ ವೇಗದಲ್ಲಿ ಸಿಗಬೇಕು ಎಂಬುದಷ್ಟೇ ಬದಲಾಗುತ್ತದೆ. ಹೆದ್ದಾರಿಯಲ್ಲಿ ಗಳಿಸಿದ ನೆಮ್ಮದಿಗೆ ಘಾಟಿಯಲ್ಲಿ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಪಾನಾ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ.

ಮೊದಲು ಲೆಕ್ಕ

ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಮುಂದಿನದರ ಹಲ್ಲುಗಳಿಂದ ಭಾಗಿಸಿ. ಹೋಂಡಾ ರೆಬೆಲ್ 250 ಇದಕ್ಕೆ ಒಳ್ಳೆಯ ಉದಾಹರಣೆ. 1985ರಲ್ಲಿ ಬಂದ, ಐದೇ ಗೇರಿನ ಈ ಪುಟ್ಟ ಕ್ರೂಸರ್‌ಗೆ ಅಮೆರಿಕದ ಸವಾರರು ಮಾಡಿಸುವ ಮೊದಲ ಮಾರ್ಪಾಡುಗಳಲ್ಲಿ ಇದೂ ಒಂದು. ಕಂಪನಿಯಿಂದ ಬರುವಾಗ ಅದರ ಮುಂದೆ 14, ಹಿಂದೆ 33 ಹಲ್ಲು ಇರುತ್ತಿದ್ದವು. 33ನ್ನು 14ರಿಂದ ಭಾಗಿಸಿದರೆ 2.36. ಮುಂದೆ 15 ಹಲ್ಲಿನದನ್ನು ಹಾಕಿದರೆ 2.20. ವ್ಯತ್ಯಾಸ ಶೇ 7ರ ಆಸುಪಾಸು. ಯಾವ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿತ್ತೋ ಅದೇ ವೇಗಕ್ಕೆ ಈಗ 5,600 ಸಾಕು. ಕೇಳುವುದಕ್ಕೆ ಸಣ್ಣ ಅಂಕಿ, ಆದರೆ ದಿನವಿಡೀ ಸೀಟಿನ ಮೇಲೆ ಕುಳಿತವರಿಗೆ ದೊಡ್ಡ ಉಪಕಾರ.

ಮುಂದಿನ ಸ್ಪ್ರಾಕೆಟ್ ಚಿಕ್ಕದಾದ್ದರಿಂದ ಅಲ್ಲಿ ಒಂದೇ ಹಲ್ಲು ಬದಲಿಸಿದರೂ ಪರಿಣಾಮ ಎದ್ದು ಕಾಣುತ್ತದೆ. ಅದೇ ಫಲ ಹಿಂದಿನಿಂದ ಬೇಕೆಂದರೆ ರೆಬೆಲ್‌ನಲ್ಲಿ ಎರಡು ಹಲ್ಲು ಕಡಿಮೆ ಮಾಡಬೇಕು. ಹಿಂದಿನ ಸ್ಪ್ರಾಕೆಟ್ ಇನ್ನೂ ದೊಡ್ಡದಿರುವ ಗಾಡಿಗಳಲ್ಲಿ ಸುಮಾರು ಮೂರು. ಮುಂದೆ ಹಲ್ಲು ಹೆಚ್ಚಾದರೆ ಅಥವಾ ಹಿಂದೆ ಕಡಿಮೆಯಾದರೆ ಎಂಜಿನ್ ಆರಾಮ, ಪಿಕಪ್ ಮಂದ. ಮುಂದೆ ಕಡಿಮೆಯಾದರೆ ಅಥವಾ ಹಿಂದೆ ಹೆಚ್ಚಾದರೆ ಪಿಕಪ್ ಚುರುಕು, ಹೆದ್ದಾರಿಯಲ್ಲಿ ಕಿರುಚಾಟ.

ನನ್ನ ಸಲಹೆ: ಮುಂದೆ ಒಂದೇ ಒಂದು ಹಲ್ಲು ಹೆಚ್ಚಿಸಿ ನೋಡಿ, ಅದಕ್ಕಿಂತ ಹೆಚ್ಚು ಬೇಡ. ಎರಡು ಹೆಚ್ಚಿಸಿದರೆ ಎದುರುಗಾಳಿ ಬೀಸಿದಾಗ ಅಥವಾ ಸಣ್ಣ ಏರು ಬಂದಾಗ ಐದನೇ ಗೇರ್ ಎಳೆಯದೆ ನಾಲ್ಕಕ್ಕೆ ಇಳಿಯಬೇಕಾಗುತ್ತದೆ. ಆಗ ಮಾಡಿದ ಖರ್ಚೆಲ್ಲ ವ್ಯರ್ಥ. ಗರಿಷ್ಠ ವೇಗ ಏರುತ್ತದೆ, ಮೈಲೇಜ್ ಖಂಡಿತ ಹೆಚ್ಚುತ್ತದೆ ಎಂಬ ಭರವಸೆಗಳನ್ನೂ ನಂಬಬೇಡಿ. ಎಳೆಯಲಾರದ ಗೇರಿನಲ್ಲಿ ಆಕ್ಸಿಲರೇಟರ್ ತಿರುಚಿ ಹಿಡಿದರೆ ಪೆಟ್ರೋಲ್ ಉಳಿಯುವುದಿಲ್ಲ.

ನೀವು ಓಡಾಡುವ ರಸ್ತೆ ಯಾವುದು ಎಂಬುದೇ ಇಲ್ಲಿ ಮುಖ್ಯ. ಹುಬ್ಬಳ್ಳಿ–ವಿಜಯಪುರದ ಬಯಲಿನಲ್ಲಿ ಒಬ್ಬರೇ ಹೋಗುವವರಿಗೆ ಈ ಬದಲಾವಣೆ ಹೇಳಿ ಮಾಡಿಸಿದ್ದು. ವಾರಕ್ಕೊಮ್ಮೆ ಹೆಂಡತಿ, ಮಗು, ಬ್ಯಾಗು ಸಮೇತ ಚಾರ್ಮಾಡಿ ಹತ್ತುವವರು ಇದರ ತಂಟೆಗೆ ಹೋಗದಿರುವುದೇ ಒಳಿತು. ಹೇರ್‌ಪಿನ್ ತಿರುವಿನಲ್ಲಿ ಮೊದಲ ಗೇರಿನಲ್ಲೂ ಎಳೆತ ಸಾಲದಾಗುತ್ತದೆ, ಅರ್ಧ ಕ್ಲಚ್ಚಿನಲ್ಲೇ ಏರಬೇಕಾಗುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ದಿನವೂ ತೆವಳುವವರಿಗೂ ಇದೇ ಮಾತು.

ಅಂಗಡಿಯಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿ ‘15 ಹಲ್ಲಿನ ಸ್ಪ್ರಾಕೆಟ್ ಕೊಡಿ’ ಎಂದರೆ ಸಾಲದು. ನಡುವಿನ ತೂತಿನ ಒಳಗಚ್ಚುಗಳು ನಿಮ್ಮ ಗಾಡಿಯ ಶಾಫ್ಟಿಗೆ ಹೊಂದಬೇಕು, ಚೈನಿನ ನಂಬರೂ ಹೊಂದಬೇಕು. ನಂಬರ್ ಚೈನಿನ ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. 428 ಚೈನಿನ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., 520ರಲ್ಲಿ 15.875 ಮಿ.ಮೀ. ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೋಗುವುದು ಜಾಣತನ. ಹಲ್ಲಿನ ಸಂಖ್ಯೆ ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತದೆ. ಇಲ್ಲದಿದ್ದರೆ ಒಂದು ಹಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ ಎಣಿಸಿ.

ಹಳೆಯ ಚೈನ್ ಉಳಿಸಿಕೊಳ್ಳಬಹುದೇ? ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧದಷ್ಟು ಕಾಣುವಂತೆ ಎದ್ದು ಬಂದರೆ ಆ ಚೈನಿನ ಆಯುಷ್ಯ ಮುಗಿದಿದೆ. ಹಲ್ಲುಗಳು ಗರಗಸದ ಹಲ್ಲಿನಂತೆ ಒಂದೇ ಕಡೆಗೆ ಬಾಗಿದ್ದರೂ ಅಷ್ಟೆ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಅಂಥ ಸ್ಥಿತಿಯಲ್ಲಿ ಚೈನ್ ಸ್ಪ್ರಾಕೆಟ್ ಕಿಟ್ ಪೂರ್ತಿ ಬದಲಿಸಿ. ವಾರಂಟಿ ಇನ್ನೂ ಇದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಬಿಚ್ಚುವುದು, ಜೋಡಿಸುವುದು

ಗಾಡಿಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಅಥವಾ (ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ) ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ತಣ್ಣಗಾಗಲಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ ಚೈನ್ ಒರೆಸುವವರಿದ್ದಾರೆ. ದಯವಿಟ್ಟು ಎಂದೂ ಹಾಗೆ ಮಾಡಬೇಡಿ. ಬಟ್ಟೆಯ ತುದಿ ಸಿಕ್ಕಿಕೊಂಡರೆ ಅದರ ಹಿಂದೆಯೇ ಬೆರಳು ಹೋಗುತ್ತದೆ.

ಮುಂದಿನ ಸ್ಪ್ರಾಕೆಟ್ಟಿನ ಕವರ್ ತೆಗೆದರೆ ಗ್ರೀಸು, ಮಣ್ಣು, ಮರಳು ಸೇರಿ ಗಟ್ಟಿಯಾದ ಕಪ್ಪು ಪದರ ಕಾಣುತ್ತದೆ. ಕಡ್ಡಿಯಿಂದ ಕೆರೆದು, ಸೀಮೆಎಣ್ಣೆ ಹಚ್ಚಿದ ಬ್ರಷ್‌ನಿಂದ ಚೊಕ್ಕ ಮಾಡಿ. ಶಾಫ್ಟಿನ ಬುಡದಲ್ಲಿರುವ ರಬ್ಬರ್ ಸೀಲನ್ನು ಈಗಲೇ ಗಮನಿಸಿ. ಸುತ್ತ ಹೊಸ ಆಯಿಲ್ ಜಿನುಗುತ್ತಿದ್ದರೆ ಸೀಲ್ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಚೈನ್ ಕಳಚುವ ಮೊದಲೇ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟ್ ಸಡಿಲಿಸಬೇಕು. ಗಾಡಿಯನ್ನು ಗೇರಿಗೆ ಹಾಕಿ, ಇನ್ನೊಬ್ಬರಿಗೆ ಹಿಂದಿನ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಚೈನ್ ಕಳಚಿದ ಮೇಲೆ ಬ್ರೇಕಿನ ಹಿಡಿತ ಶಾಫ್ಟಿಗೆ ತಲುಪುವುದಿಲ್ಲ. ಕೆಲವು ಗಾಡಿಗಳಲ್ಲಿ ಎರಡು ಸಣ್ಣ ಬೋಲ್ಟುಗಳಿರುವ ಲಾಕ್ ಪ್ಲೇಟ್ ಇರುತ್ತದೆ. ಬೋಲ್ಟ್ ತೆಗೆದು ಪ್ಲೇಟನ್ನು ತುಸು ತಿರುಗಿಸಿದರೆ ಅದರ ಕಚ್ಚು ಶಾಫ್ಟಿನ ಕಚ್ಚಿಗೆ ಸರಿಹೊಂದಿ ಹೊರಗೆ ಜಾರುತ್ತದೆ. ಇನ್ನು ಕೆಲವಕ್ಕೆ ಒಂದೇ ದೊಡ್ಡ ನಟ್, ಅದರಡಿ ಮಡಚಿದ ಲಾಕ್ ವಾಷರ್. ಮಡಿಕೆ ಬಿಡಿಸದೆ ನಟ್ ತಿರುಗಿಸಬೇಡಿ.

ಬಳಿಕ ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಚೈನ್ ಅಡ್ಜಸ್ಟರ್ ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿ. ಚೈನ್ ಸಡಿಲವಾಗುತ್ತದೆ, ಹಳೆಯ ಸ್ಪ್ರಾಕೆಟ್ ಕೈಗೆ ಬರುತ್ತದೆ. ಹೊಸದನ್ನು ಕೂರಿಸಿದ ಮೇಲೆ ಚೈನ್ ಸುತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಒಂದು ಹಲ್ಲು ಹೆಚ್ಚಾದರೆ 520 ಚೈನ್ ಎಂಜಿನ್ ಕವಚಕ್ಕೆ 2.5 ಮಿ.ಮೀ. ಹತ್ತಿರ ಬರುತ್ತದೆ. ಎಲ್ಲಿಯೂ ತಾಗಬಾರದು. ಹಳೆಯ ಚೈನನ್ನೇ ಹಾಕಿದ್ದರೆ ಚಕ್ರ ಮೊದಲಿಗಿಂತ 3–4 ಮಿ.ಮೀ. ಮುಂದೆ ನಿಲ್ಲುತ್ತದೆ. ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಕ್ಲಿಪ್ ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಚೈನಿನ ಸಡಿಲ, ಅಂದರೆ ಅದರ ಕೆಳಗಿನ ಭಾಗದ ನಡುಮಧ್ಯ ಮೇಲೆ ಕೆಳಗೆ ಆಡುವ ಅಳತೆ, ಎಷ್ಟಿರಬೇಕೆಂದು ಮ್ಯಾನ್ಯುಯಲ್‌ನಲ್ಲಿರುತ್ತದೆ, ಅನೇಕ ಗಾಡಿಗಳಲ್ಲಿ ಅದು 25ರಿಂದ 35 ಮಿ.ಮೀ. ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನ್ ಅತ್ಯಂತ ಬಿಗಿಯಾಗಿರುವ ಕಡೆ ಅಳೆಯಿರಿ. ಹೆಚ್ಚು ಬಿಗಿ ಮಾಡುವುದು ಸಡಿಲ ಬಿಡುವುದಕ್ಕಿಂತ ಕೆಟ್ಟದ್ದು. ಹೊಂಡಕ್ಕೆ ಬಿದ್ದಾಗ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ. ಅಡ್ಜಸ್ಟರಿನ ಎರಡೂ ಬದಿಯ ಗುರುತು ಒಂದೇ ಅಂಕಿಯಲ್ಲಿದೆಯೆಂದು ಸುಮ್ಮನಾಗಬೇಡಿ, ಚಕ್ರ ನೇರವಿದೆಯೇ ತಿಳಿಯಲು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ತಿರುಗಣೆಯಿಂದ ಆಕ್ಸಲ್‌ವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳತೆ ಒಂದೇ ಇದೆಯೇ ನೋಡಿ. ನಟ್‌ಗಳನ್ನು ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಮಾಡಿ. ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಇದ್ದರೆ ಹೊಸದನ್ನೇ ಹಾಕಿ.

ಹೊರಡುವ ಮುನ್ನ

ಡ್ರಮ್ ಬ್ರೇಕಿನ ಗಾಡಿಯಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ. ಚಕ್ರ ಮುಂದೆ ಸರಿದರೆ ಬ್ರೇಕ್ ರಾಡ್ ಸಡಿಲವಾಗಿ ಪೆಡಲ್ ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಗಾಡಿ ಕದಲಿಸುವ ಮೊದಲೇ ಅದನ್ನು ಸರಿಮಾಡಿ, ಬ್ರೇಕ್ ಲೈಟ್ ಸಕಾಲಕ್ಕೆ ಹತ್ತುತ್ತದೆಯೇ ನೋಡಿ.

ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಓಡುತ್ತಿದ್ದರೆ ಅದಕ್ಕೇನೂ ಆಗದು. ಗೇರ್‌ಬಾಕ್ಸಿನಿಂದ ಲೆಕ್ಕ ಹಿಡಿಯುವುದಾದರೆ ಮುಂದೆ ಹಲ್ಲು ಹೆಚ್ಚಿಸಿದ ಮೇಲೆ ಅದು ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿಕೊಳ್ಳಿ.

ಮೊದಲ ದಿನ ಮನೆಯ ಸುತ್ತಮುತ್ತ ಓಡಿಸಿ, ಆಮೇಲೆ ಹೆದ್ದಾರಿ, ಕೊನೆಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಏರು. ಹೊಸ ಚೈನ್ ಆರಂಭದಲ್ಲಿ ಬೇಗ ಸಡಿಲವಾಗುವುದರಿಂದ 300–500 ಕಿ.ಮೀ. ಆದಮೇಲೆ ಮತ್ತೊಮ್ಮೆ ಅಳೆದು, ಸ್ಪ್ರಾಕೆಟ್ ಬೋಲ್ಟುಗಳಿಗೂ ಪಾನಾ ತಾಗಿಸಿ ನೋಡಿ. ತೆಗೆದ ಸ್ಪ್ರಾಕೆಟ್ ಸವೆದಿರದಿದ್ದರೆ ಗುಜರಿಗೆ ಹಾಕಬೇಡಿ. ಏರಿನಲ್ಲಿ ಗಾಡಿ ಏದುಸಿರು ಬಿಟ್ಟರೆ ಅದನ್ನೇ ಮರಳಿ ಹಾಕಬಹುದು.